ನಡೆದಾಡುವ ಸಂಗೀತ ಶಾಲೆ

ಕಟ್ಟಡವಿಲ್ಲ, ಗಂಟೆಯಿಲ್ಲ. ಊರಿಂದ ಊರಿಗೆ ಹೊರಟ ಸಂಗೀತ ಶಾಲೆ! ಮುಂದೆ ಕಣ್ಣು ಕಾಣದ ಗುರು, ಹಿಂದೆ ಶಿಷ್ಯರ ದಂಡು.

ಇವರು ಪಂಚಾಕ್ಷರಿ ಗವಾಯಿ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದಾಗ ಹೆಸರು ಗದಿಗೆಯ್ಯ. ಹಾನಗಲ್ಲ ಮಠದ ಕುಮಾರಸ್ವಾಮಿಗಳು ಕೈಹಿಡಿದು ಬೆಳೆಸಿದರು. ಗದಿಗೆಯ್ಯ ಕರ್ನಾಟಕಿ ಕಲಿತರು, ಹಿಂದುಸ್ತಾನಿಯನ್ನೂ ಕಲಿತರು. ಎರಡನ್ನೂ ಪಳಗಿಸಿಕೊಂಡವರು ಇಂದಿಗೂ ಅಪರೂಪ ಬಿಡಿ. ವಚನಗಳಿಗೆ ರಾಗ ಕಟ್ಟಿ ಜನರ ನಡುವೆ ಹಾಡಿದರು.

ಇಷ್ಟು ಮಕ್ಕಳ ಅನ್ನಕ್ಕೆ? ಭಕ್ತರ ಜೋಳಿಗೆ. ಅದು ಸಾಲದೆಂದು ನಾಟಕ ಕಂಪನಿಯನ್ನೇ ಕಟ್ಟಿದರು!

ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ನೆಲೆ ಕೊಟ್ಟರು. ಅದೇ ವೀರೇಶ್ವರ ಪುಣ್ಯಾಶ್ರಮ. ಗಾಯಕ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಗರಡಿಯವರೇ. 1944ರಲ್ಲಿ ಗವಾಯಿಗಳು ತೀರಿಕೊಂಡಾಗ ಆಶ್ರಮದ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿ. ಅವರಿಗೂ ದೃಷ್ಟಿಯಿರಲಿಲ್ಲ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.