ಎತ್ತರಿಸಿದ ಪಿಕಪ್ ಟ್ರಕ್ಕು: ಏರುವುದೇನು, ಏರದಿರುವುದೇನು?

ಹುಲ್ಲು ಹೇರಿದ ಎತ್ತಿನ ಗಾಡಿಯನ್ನು ಹಳ್ಳದ ಓರೆಯಲ್ಲಿ ಇಳಿಸುವ ರೈತನನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಹೇರು ಎತ್ತರವಾದಷ್ಟೂ ಅವನ ಎಚ್ಚರ ಹೆಚ್ಚುತ್ತದೆ. ಒಂದು ಚಕ್ರ ಕೊರಕಲಿಗೆ ಇಳಿಯಿತೆಂದರೆ ಕೆಳಗೆ ಧುಮುಕಿ, ಗಾಡಿ ವಾಲಿದ ಕಡೆಗೆ ಹೆಗಲು ಕೊಡುತ್ತಾನೆ. ಗುರುತ್ವಕೇಂದ್ರವೆಂಬ ಮಾತನ್ನು ಅವನು ಕೇಳಿರಲಾರನು. ಆದರೆ ಅದು ಎಲ್ಲಿರಬೇಕು, ಎಲ್ಲಿರಬಾರದು ಎಂಬುದನ್ನು ಬಲ್ಲನು. ಆ ರೈತನು ಬಲ್ಲ ನಿಯಮವನ್ನೇ ಬೇರೊಂದು ದೇಶದ ಬೇರೊಂದು ಗಾಡಿಯ ವಿಷಯದಲ್ಲಿ ನಾವು ಇಲ್ಲಿ ವಿಚಾರ ಮಾಡೋಣ.

ಅಮೆರಿಕದ ಹಳ್ಳಿ ಪಟ್ಟಣಗಳಲ್ಲಿ ಪಿಕಪ್ ಟ್ರಕ್ಕು ಮನೆಮಾತು. ಮುಂದೆ ಚಾಲಕನ ಕೋಣೆ, ಹಿಂದೆ ಸಾಮಾನು ತುಂಬಲು ತೆರೆದ ತೊಟ್ಟಿ: ಇದು ಅದರ ಸ್ವರೂಪ. ಎಂಜಿನ್ನಿನ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುವ ಟ್ರಕ್ಕುಗಳು ಅಗ್ಗ. ನಾಲ್ಕೂ ಚಕ್ರಗಳಿಗೆ ಹೋಗುವಂಥವು ದುಬಾರಿ. ಅಗ್ಗದ ಟ್ರಕ್ಕನ್ನು ಕೊಂಡು, ಅದರ ಒಡಲನ್ನು ನಾಲ್ಕಾರು ಅಂಗುಲ ಮೇಲೆತ್ತಿ, ದೊಡ್ಡ ಟೈರುಗಳನ್ನು ತೊಡಿಸುವುದು ಅಲ್ಲಿನ ಯುವಕರ ಬಹುಕಾಲದ ಹವ್ಯಾಸ. ಇದಕ್ಕೆ ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯ ಮರುಭೂಮಿಯ ಪಂದ್ಯಗಳೂ ಒಂದು ಪ್ರೇರಣೆ. 1967ರಲ್ಲಿ ಅಲ್ಲಿ ದೂರದ ಓಟದ ಮೊದಲ ಪಂದ್ಯ ನಡೆಯಿತು. ಪಂದ್ಯಕ್ಕೆ ಮುನ್ನ ದಾರಿಯನ್ನು ನೋಡಿ ಬರಲು ಸ್ಪರ್ಧಾಳುಗಳು ಬಳಸುತ್ತಿದ್ದ ಗಾಡಿಗಳಿಗೆ ‘ಪ್ರೀರನ್ನರ್’ ಎಂದು ಹೆಸರು ಬಿತ್ತು. 1998ರಲ್ಲಿ ಟೊಯೋಟ ಕಂಪನಿಯು ಇದೇ ಹೆಸರಿನಲ್ಲಿ, ಎರಡೇ ಚಕ್ರಗಳ ಚಾಲನೆಯುಳ್ಳ, ಆದರೆ ನಾಲ್ಕು ಚಕ್ರ ಚಾಲನೆಯ ಗಾಡಿಯಷ್ಟೇ ಎತ್ತರವಾದ ಟಕೋಮ ಪಿಕಪ್ಪನ್ನು ಮಾರಾಟಕ್ಕೆ ತಂದಿತು.

ಈಗ ಒಂದು ಪ್ರಶ್ನೆ. ಟ್ರಕ್ಕನ್ನು ಇಂಥ ಸಲಕರಣೆಯಿಂದ ನಾಲ್ಕು ಅಂಗುಲ, ಎಂದರೆ ಸುಮಾರು 10 ಸೆಂಟಿಮೀಟರು ಎತ್ತರಿಸಿದೆವೆನ್ನೋಣ. ಆಗ ಅದರ ಹಿಂದಿನ ಅಚ್ಚು ನೆಲದಿಂದ ಎಷ್ಟು ಮೇಲಕ್ಕೆ ಬಂದಿರುತ್ತದೆ? ನಾವು ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ ‘ನಾಲ್ಕು ಅಂಗುಲ’ ಎಂಬ ಉತ್ತರ ತಕ್ಷಣ ಬರುತ್ತದೆ. ಸರಿಯಾದ ಉತ್ತರ ಸೊನ್ನೆ! ಇದು ಹೇಗೆಂಬುದನ್ನು ತಿಳಿದರೆ ಉಳಿದ ವಿಷಯವೆಲ್ಲ ಸುಲಭವಾಗುತ್ತದೆ.

ತೂಗುವ ಭಾಗ, ತೂಗದ ಭಾಗ

ಯಾವ ಮೋಟಾರು ಗಾಡಿಯನ್ನಾದರೂ ಎರಡು ಪಾಲಾಗಿ ಎಣಿಸಬಹುದು. ಚೌಕಟ್ಟು, ಎಂಜಿನ್ನು, ಚಾಲಕನ ಕೋಣೆ, ತೊಟ್ಟಿ ಇವೆಲ್ಲ ಸ್ಪ್ರಿಂಗುಗಳ ಮೇಲೆ ಕುಳಿತಿರುವ ಪಾಲು. ಚಕ್ರಗಳು, ಬ್ರೇಕುಗಳು, ಹಿಂದಿನ ಅಚ್ಚು ಇವು ಸ್ಪ್ರಿಂಗುಗಳ ಕೆಳಗೆ, ನೇರವಾಗಿ ನೆಲದ ಆಸರೆಯಲ್ಲಿರುವ ಪಾಲು. ಇವೆರಡರ ನಡುವಣ ಕೊಂಡಿಗೆ ಸಸ್ಪೆನ್ಷನ್ ಎಂದು ಹೆಸರು.

ಸಾಮಾನ್ಯ ಪಿಕಪ್ಪಿನ ಹಿಂಭಾಗದಲ್ಲಿ ಒಂದೇ ಗಟ್ಟಿ ಅಚ್ಚು ಈ ಚಕ್ರದಿಂದ ಆ ಚಕ್ರದವರೆಗೆ ಹಾಯ್ದಿರುತ್ತದೆ. ಅದರ ನಡುವೆ, ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪು ಒಂದು ಉಬ್ಬಿದ ಕವಚದಲ್ಲಿದೆ. ಅಚ್ಚಿನ ಮೇಲೆ ಉಕ್ಕಿನ ಕಮಾನುಪಟ್ಟಿಗಳು ಕುಳಿತಿವೆ. ಲಾರಿಗಳ ಕೆಳಗೆ ಇಣುಕಿ ನೋಡಿದವರಿಗೆ ಇವು ಪರಿಚಿತವೇ. ಪಟ್ಟಿಗಳನ್ನು ಅಚ್ಚಿಗೆ ಬಿಗಿದಿರುವುದು ಕುದುರೆಲಾಳದಂತೆ ಬಾಗಿದ ಯು-ಬೋಲ್ಟುಗಳು.

ಮುಂಭಾಗದ ಏರ್ಪಾಡು ಬೇರೆ. ಹೆಚ್ಚಿನ ಪಿಕಪ್ಪುಗಳಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ತೋಳು ಇದ್ದು, ಅವುಗಳ ಒಂದು ತುದಿ ಚೌಕಟ್ಟಿಗೆ ಬಾಗಿಲ ಕೀಲಿನಂತೆ ಸಿಕ್ಕಿಸಲ್ಪಟ್ಟಿರುತ್ತದೆ. ಹೊರತುದಿಗಳ ನಡುವೆ ಇರುವ ಉಕ್ಕಿನ ತುಂಡು ಚಕ್ರದ ಕಡಾಣಿಯನ್ನು ಹೊತ್ತಿರುತ್ತದೆ. ಇದನ್ನು ಸ್ಪಿಂಡಲ್ ಎನ್ನುತ್ತಾರೆ. ಕೆಳತೋಳಿನ ಮೇಲೆ ಸುರುಳಿ ಸ್ಪ್ರಿಂಗು ನಿಂತು ಚೌಕಟ್ಟಿನ ಭಾರವನ್ನು ಹೊರುತ್ತದೆ.

ಎತ್ತರಿಸುವ ಕ್ರಮ

ಹಿಂಭಾಗದ ಕೆಲಸ ಸರಳ. ಗಾಡಿಯ ಚೌಕಟ್ಟನ್ನು ಜಾಕಿಯಿಂದ ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸುತ್ತಾರೆ. ಯು-ಬೋಲ್ಟುಗಳನ್ನು ಬಿಚ್ಚಿ, ಅಚ್ಚಿಗೂ ಕಮಾನುಪಟ್ಟಿಗೂ ನಡುವೆ ಉಕ್ಕಿನ ಅಥವಾ ಎರಕದ ಕಬ್ಬಿಣದ ಒಂದು ದಿಮ್ಮಿಯನ್ನು ಇಟ್ಟು, ಉದ್ದವಾದ ಹೊಸ ಯು-ಬೋಲ್ಟುಗಳಿಂದ ಬಿಗಿಯುತ್ತಾರೆ. ದಿಮ್ಮಿಯ ದಪ್ಪ ಎಷ್ಟೋ ಒಡಲು ಅಷ್ಟೇ ಮೇಲೇರುತ್ತದೆ.

ಮುಂಭಾಗದಲ್ಲಿ ಸನ್ನೆಯ ತತ್ತ್ವ ಕೆಲಸ ಮಾಡುತ್ತದೆ. ಸ್ಪ್ರಿಂಗು ಕೆಳತೋಳಿನ ನಟ್ಟನಡುವೆ ಇದೆಯೆಂದು ಭಾವಿಸಿದರೆ, ಅದರ ತಲೆಯ ಮೇಲೆ 5 ಸೆಂಟಿಮೀಟರು ದಪ್ಪದ ಬಿಲ್ಲೆಯನ್ನು ಇಟ್ಟಾಗ ಒಡಲು 10 ಸೆಂಟಿಮೀಟರು ಏರುತ್ತದೆ. ‘ಬಿಲ್ಲೆ ಇಟ್ಟರೆ ಸ್ಪ್ರಿಂಗು ಬಿಗಿಯಾಗುವುದಿಲ್ಲವೇ?’ ಎಂದು ಕೆಲವರು ಕೇಳಬಹುದು. ಆಗುವುದಿಲ್ಲ. ಹುಕ್ಕನ ನಿಯಮದಂತೆ ಸ್ಪ್ರಿಂಗಿನ ಕುಗ್ಗುವಿಕೆ ಅದರ ಮೇಲಿನ ಭಾರಕ್ಕೆ ಅನುಗುಣವಾದುದು. ಗಾಡಿಯ ತೂಕ ಬದಲಾಗಿಲ್ಲವಾದುದರಿಂದ ಕುಗ್ಗುವಿಕೆಯೂ ಬಹುಮಟ್ಟಿಗೆ ಮೊದಲಿನಷ್ಟೇ. ಬದಲಾಗುವುದು ತೋಳುಗಳ ಓರೆ. ಅವು ಕೆಳಮುಖವಾಗಿ ವಾಲುವುದರಿಂದ ಚಕ್ರ ಇನ್ನೂ ಕೆಳಗಿಳಿಯಲು ಉಳಿದಿದ್ದ ಅವಕಾಶ ಕಿರಿದಾಗುತ್ತದೆ. ಚಕ್ರದ ನೆಟ್ಟಗಿನ ನಿಲುವೂ ಕೆಡುತ್ತದೆ. ಆದಕಾರಣ ಕೆಲಸ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟನ್ನು ಅಳೆದು ಸರಿಪಡಿಸಲೇಬೇಕು. ಇಲ್ಲವಾದರೆ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತವೆ.

ಇದಕ್ಕಿಂತ ಜಾಣತನದ ಉಪಾಯ ಇನ್ನೊಂದುಂಟು. ಸ್ಪಿಂಡಲನ್ನೇ ಬದಲಿಸಿ, ಕಡಾಣಿಯು ಮೊದಲಿಗಿಂತ ಕೆಳಗಿರುವಂತೆ ಎರಕ ಹೊಯ್ದ ಹೊಸತನ್ನು ಹಾಕುವುದು. ಆಗ ತೋಳುಗಳ ಓರೆಯಾಗಲಿ ಸ್ಪ್ರಿಂಗಾಗಲಿ ಬದಲಾಗದೆ ಗಾಡಿ ಮೇಲೇರುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಹೋಗದ ಗಾಡಿಗಳಲ್ಲಿ ಈ ಉಪಾಯ ಸಲೀಸು. ನಾಲ್ಕು ಚಕ್ರ ಚಾಲನೆಯಲ್ಲಿ ಸ್ಪಿಂಡಲಿನ ಮಧ್ಯದಿಂದಲೇ ತಿರುಗುವ ದಂಡವೊಂದು ಹಾಯ್ದುಹೋಗುವುದರಿಂದ ಕಡಾಣಿಯನ್ನು ಹೀಗೆ ಸರಿಸಲು ಬರುವುದಿಲ್ಲ. ಬಡವನ ಗಾಡಿಗೆ ಇದೊಂದು ಅನುಕೂಲವೆಂದೇ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸುರುಳಿ ಸ್ಪ್ರಿಂಗನ್ನು ಹೊರತೆಗೆಯುವುದು ಆಟವಲ್ಲ. ಅದು 8,000 ನ್ಯೂಟನ್ ಬಲದಿಂದ 15 ಸೆಂಟಿಮೀಟರು ಕುಗ್ಗಿದೆಯೆಂದು ಇಟ್ಟುಕೊಳ್ಳಿರಿ. ಅದರಲ್ಲಿ ಅಡಗಿರುವ ಶಕ್ತಿ, ಬಲ ಮತ್ತು ಕುಗ್ಗುವಿಕೆಗಳ ಗುಣಲಬ್ಧದ ಅರ್ಧ, ಎಂದರೆ 600 ಜೂಲ್. ಅರವತ್ತು ಕಿಲೋಗ್ರಾಂ ತೂಕದ ಮನುಷ್ಯನನ್ನು ಒಂದು ಮೀಟರು ಮೇಲೆತ್ತಲು ಇಷ್ಟು ಶಕ್ತಿ ಸಾಕು. ಇದೆಲ್ಲ ಕ್ಷಣಾರ್ಧದಲ್ಲಿ ಎದೆಗೋ ಮುಖಕ್ಕೋ ಬಂದು ಬಡಿದರೆ ಏನಾದೀತು! ಆದುದರಿಂದ ಸ್ಪ್ರಿಂಗನ್ನು ಅದಕ್ಕೆಂದೇ ಇರುವ ಬಿಗಿಯುವ ಸಲಕರಣೆಯಿಂದ ಹಿಡಿದಿಟ್ಟ ಹೊರತು ತೋಳನ್ನು ಬಿಚ್ಚಬಾರದು. ಬರಿಯ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ಸೊನ್ನೆಯ ರಹಸ್ಯ

ಮೇಲಿನ ವಿವರಣೆಯಲ್ಲಿ ನಮ್ಮ ಪ್ರಶ್ನೆಗೆ ಉತ್ತರ ಆಗಲೇ ಬಂದಿದೆ. ದಿಮ್ಮಿ ಕುಳಿತದ್ದು ಅಚ್ಚಿನ ಮೇಲೆ. ಅದು ಎತ್ತಿದ್ದು ತನ್ನ ಮೇಲಿರುವುದನ್ನೇ ಹೊರತು ಕೆಳಗಿರುವುದನ್ನಲ್ಲ. ಅಚ್ಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂಬುದನ್ನು ನಿರ್ಧರಿಸುವುದು ಟೈರಿನ ತ್ರಿಜ್ಯವೊಂದೇ. ದಾರಿಯ ನಡುವಣ ಕಲ್ಲಿಗೆ ಮೊದಲು ತಾಗುವುದು ಡಿಫರೆನ್ಷಿಯಲ್ಲಿನ ಉಬ್ಬು. ಅದು ಇದ್ದಲ್ಲಿಯೇ ಇದೆ. ಹಾಗಾದರೆ ಲಾಭವೇನು? ಗಾಡಿಯ ಮೂತಿ ಮತ್ತು ಬಾಲ ಮೇಲೇರಿದುದರಿಂದ ಕಡಿದಾದ ದಿಬ್ಬವನ್ನು ಹತ್ತುವಾಗ, ಇಳಿಯುವಾಗ ಅವು ನೆಲಕ್ಕೆ ತಗಲುವುದಿಲ್ಲ. ಮಡ್‌ಗಾರ್ಡಿನ ಕೆಳಗೆ ದೊಡ್ಡ ಟೈರಿಗೆ ಜಾಗ ಸಿಗುತ್ತದೆ. ಆ ಟೈರು ಅಚ್ಚನ್ನು ನಿಜವಾಗಿ ಎತ್ತುತ್ತದೆ.

ಎಷ್ಟು ಎತ್ತುತ್ತದೆ? 28 ಅಂಗುಲ ವ್ಯಾಸದ ಟೈರಿನ ಬದಲು 31 ಅಂಗುಲದ್ದನ್ನು ಹಾಕಿದರೆ ವ್ಯಾಸ 3 ಅಂಗುಲ ಹೆಚ್ಚಿತು. ಅಚ್ಚು ಏರುವುದು ಅದರ ಅರ್ಧ, ಒಂದೂವರೆ ಅಂಗುಲ. ಈ ಒಂದೂವರೆ ಅಂಗುಲಕ್ಕೆ ತೆರಬೇಕಾದ ಸುಂಕವೂ ಉಂಟು. ಟೈರಿನ ಪ್ರತಿ ಸುತ್ತಿಗೂ ಗಾಡಿ ನೂರಕ್ಕೆ ಸುಮಾರು 11ರಷ್ಟು ಹೆಚ್ಚು ದೂರ ಹೋಗುತ್ತದೆ. ವೇಗಮಾಪಕವಾದರೋ ಸುತ್ತುಗಳನ್ನು ಮಾತ್ರ ಎಣಿಸುತ್ತದೆ. ಅದನ್ನು ತಿದ್ದದಿದ್ದರೆ ಗಂಟೆಗೆ 90 ಕಿಲೋಮೀಟರೆಂದು ಮುಳ್ಳು ತೋರಿಸುವಾಗ ಗಾಡಿಯ ನಿಜವಾದ ವೇಗ 100ರ ಹತ್ತಿರ! ಇಷ್ಟಾಗಿಯೂ ನೆಲವನ್ನು ತಳ್ಳುವವು ಹಿಂದಿನ ಎರಡೇ ಚಕ್ರಗಳು. ಕೆಸರಿನಲ್ಲಿ ಅವು ಜಾರಿದರೆ, ಎತ್ತರಿಸಿದ ಗಾಡಿಯೂ ಎತ್ತರಿಸದ ಗಾಡಿಯಂತೆಯೇ ನಿಂತುಬಿಡುತ್ತದೆ.

ಗೇರುಪೆಟ್ಟಿಗೆಯಿಂದ ಅಚ್ಚಿಗೆ ಹೋಗುವ ಉದ್ದನೆಯ ದಂಡದ ಕಡೆಗೂ ಗಮನ ಬೇಕು. ಅದರ ಎರಡು ತುದಿಗಳಲ್ಲೂ ಶಿಲುಬೆಯಾಕಾರದ ಕೀಲುಗಳಿವೆ. ಕಾರ್ಖಾನೆಯವರು ‘ಕ್ರಾಸ್’ ಎನ್ನುವುದು ಇವನ್ನೇ. ಓರೆಯಾಗಿ ತಿರುಗುವ ಇಂಥ ಕೀಲು ಸಮವೇಗವನ್ನು ಸಮವೇಗವಾಗಿ ದಾಟಿಸುವುದಿಲ್ಲ. 10 ಡಿಗ್ರಿ ಓರೆಯಲ್ಲಿ ವೇಗ ಪ್ರತಿ ಸುತ್ತಿನಲ್ಲೂ ಎರಡು ಸಲ ನೂರಕ್ಕೆ ಒಂದೂವರೆಯಷ್ಟು ಏರಿ ಇಳಿಯುತ್ತದೆ. 20 ಡಿಗ್ರಿಯಲ್ಲಿ ಈ ಏರಿಳಿತ 6ರಷ್ಟು. ಎರಡೂ ತುದಿಗಳ ಓರೆ ಸಮನಾಗಿದ್ದರೆ ಒಂದರ ದೋಷವನ್ನು ಇನ್ನೊಂದು ಅಳಿಸುತ್ತದೆ. ದಿಮ್ಮಿ ಸೊಟ್ಟಗೆ ಕುಳಿತು ಈ ಸಮತೆ ತಪ್ಪಿದರೆ ಗಾಡಿ ನಡುಗತೊಡಗುತ್ತದೆ, ಕೀಲುಗಳು ಬೇಗನೆ ಸವೆಯುತ್ತವೆ.

ಮಗುಚುವ ಅಂಚು

ಇನ್ನು ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಒಂದು ಬೆಂಕಿಪೆಟ್ಟಿಗೆಯನ್ನೂ ಒಂದು ಹಲಗೆಯನ್ನೂ ತೆಗೆದುಕೊಳ್ಳಿರಿ. ಪೆಟ್ಟಿಗೆ ಜಾರದಂತೆ ಹಲಗೆಗೆ ಒರಟು ಬಟ್ಟೆ ಹೊದಿಸಿ, ಪೆಟ್ಟಿಗೆಯನ್ನು ಮಲಗಿಸಿಟ್ಟು ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಿರಿ. ಸಾಕಷ್ಟು ಎತ್ತಿದರೂ ಅದು ಮಗುಚುವುದಿಲ್ಲ. ಈಗ ಅದೇ ಪೆಟ್ಟಿಗೆಯನ್ನು ಅದರ ದಪ್ಪದ ಬದಿ ಇಳಿಜಾರಿನ ದಿಕ್ಕಿಗೆ ಬರುವಂತೆ ನೆಟ್ಟಗೆ ನಿಲ್ಲಿಸಿ ಎತ್ತಿರಿ. 17 ಡಿಗ್ರಿಯ ಆಸುಪಾಸಿನಲ್ಲೇ ಉರುಳುತ್ತದೆ. ಪೆಟ್ಟಿಗೆ ಅದೇ, ತೂಕ ಅದೇ; ಬದಲಾದುದು ಪಾದದ ಅಗಲಕ್ಕೂ ಗುರುತ್ವಕೇಂದ್ರದ ಎತ್ತರಕ್ಕೂ ಇರುವ ಪ್ರಮಾಣ.

ಗಾಡಿಯಲ್ಲಿಯೂ ಹೀಗೆಯೇ. ಎಡ ಬಲ ಚಕ್ರಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಸ್ಥಿರತೆಯ ಅಂಕವೆನ್ನಬಹುದು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2001ರ ಮಾದರಿಯ ವಾಹನಗಳಿಂದ ಮೊದಲುಗೊಂಡು ಮಗುಚುವ ಅಪಾಯವನ್ನು ಅಳೆಯಲು ಈ ಅಂಕವನ್ನೇ ಆಧಾರವಾಗಿ ಹಿಡಿಯಿತು. ಸಾಮಾನ್ಯ ಕಾರುಗಳಿಗೆ ಇದು 1.3ರಿಂದ 1.5, ಪಿಕಪ್ಪುಗಳಂಥ ಎತ್ತರದ ಗಾಡಿಗಳಿಗೆ 1.0ರಿಂದ 1.3.

ಲೆಕ್ಕಕ್ಕಾಗಿ ಒಂದು ಪಿಕಪ್ಪನ್ನು ಭಾವಿಸೋಣ: ಚಕ್ರಗಳ ಅಂತರ 160 ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ 68 ಸೆಂಟಿಮೀಟರು. ಅಂಕ, 80 ಭಾಗಿಸು 68, ಸುಮಾರು 1.18. ಈಗ ಅದರ ಒಡಲನ್ನು 10 ಸೆಂಟಿಮೀಟರು ಎತ್ತಿದೆವು. ಅಚ್ಚು, ಚಕ್ರಗಳು ಏರಲಿಲ್ಲವಾಗಿ ಇಡೀ ಗಾಡಿಯ ಗುರುತ್ವಕೇಂದ್ರ ಏರಿದ್ದು ಸುಮಾರು ಎಂಟು ಸೆಂಟಿಮೀಟರು; ದೊಡ್ಡ ಟೈರಿನಿಂದ ಇನ್ನು ನಾಲ್ಕು. ಒಟ್ಟು ಎತ್ತರ 80 ಸೆಂಟಿಮೀಟರು, ಅಂಕ 1.0. ಸುಮಾರು 50 ಡಿಗ್ರಿ ಓರೆಯವರೆಗೆ ತಾಳಿಕೊಳ್ಳುತ್ತಿದ್ದ ಗಾಡಿ ಈಗ 45 ಡಿಗ್ರಿಯಲ್ಲೇ ಮಗುಚುತ್ತದೆ.

‘ಐದೇ ಡಿಗ್ರಿಯಲ್ಲವೇ?’ ಎಂದು ಉಪೇಕ್ಷಿಸಬಾರದು. ಮಟ್ಟಸವಾದ ರಸ್ತೆಯ ತಿರುವಿನಲ್ಲಿ ಗಾಡಿಯನ್ನು ಒಳಕ್ಕೆ ಎಳೆಯುವುದು ಟೈರಿನ ಘರ್ಷಣೆ. ಒಣ ರಸ್ತೆಯಲ್ಲಿ ಘರ್ಷಣಾಂಕ ಸುಮಾರು 0.8 ಎಂದು ಇಟ್ಟುಕೊಂಡರೆ, ಸ್ಥಿರತೆಯ ಅಂಕ ಅದಕ್ಕಿಂತ ಹೆಚ್ಚಾಗಿರುವವರೆಗೆ ಗಾಡಿ ಮಗುಚುವ ಮೊದಲೇ ಜಾರುತ್ತದೆ. ಜಾರುವಿಕೆಗೂ ಮಗುಚುವಿಕೆಗೂ ನಡುವಣ ಈ ಅಂತರವೇ ಚಾಲಕನ ಪ್ರಾಣರಕ್ಷೆ. ನಮ್ಮ ಟ್ರಕ್ಕಿನಲ್ಲಿ ಅದು ಮೊದಲು 0.38 ಇತ್ತು, ಈಗ 0.2, ಸುಮಾರು ಅರ್ಧಕ್ಕೆ ಇಳಿಯಿತು. ಒಡಲು ಸ್ಪ್ರಿಂಗುಗಳ ಮೇಲೆ ಹೊರಗಡೆಗೆ ವಾಲುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ. ಜಾರುತ್ತಿರುವ ಗಾಡಿಯ ಚಕ್ರ ರಸ್ತೆಯಂಚಿನ ಮೆತ್ತನೆಯ ಮಣ್ಣಿಗೋ ಕಲ್ಲಿಗೋ ಎಡವಿತೆಂದರೆ ಉಳಿದ ಅಂಚೂ ಕರಗಿಹೋಗುತ್ತದೆ; ಗಾಡಿಗಳು ಮಗುಚುವ ಅಪಘಾತಗಳಲ್ಲಿ ಬಹುಪಾಲು ನಡೆಯುವುದು ಹೀಗೆ ಎಡವಿಯೇ.

ಅಮೆರಿಕದಲ್ಲಿ ಇದರ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮುಂಭಾಗವನ್ನು ಮಾತ್ರ ಎತ್ತಿ ಹಿಂಭಾಗವನ್ನು ತಗ್ಗಿಸುವ ಚಾಳಿಯೊಂದು ಹಬ್ಬಿ, ಚಾಲಕನಿಗೆ ಎದುರಿನ ರಸ್ತೆ ಮರೆಯಾಗಿ, ದೀಪಗಳು ಎದುರು ಬರುವವರ ಕಣ್ಣಿಗೆ ರಾಚತೊಡಗಿದಾಗ ಉತ್ತರ ಕೆರೊಲಿನ ರಾಜ್ಯವು 2021ರಲ್ಲಿ ಅದನ್ನು ನಿಷೇಧಿಸಿತು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಲಾಗದು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ತರಕಾರಿ ಸಾಗಿಸುವ ನಮ್ಮೂರಿನ ಪಿಕಪ್ಪಿಗೂ ಇದು ಅನ್ವಯಿಸುತ್ತದೆ.

ಎತ್ತರಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಮರುಭೂಮಿಯ ಕಲ್ಲುದಾರಿಯಲ್ಲಿ ಹೋಗಬೇಕಾದವನಿಗೆ ಅದು ಬೇಕಾದೀತು. ಆದರೆ ಹತ್ತು ಸೆಂಟಿಮೀಟರಿನಲ್ಲಿ ತನಗೆ ದಕ್ಕುವುದೆಷ್ಟು, ತಿರುವಿನಲ್ಲಿ ತಾನು ಕಳೆದುಕೊಳ್ಳುವುದೆಷ್ಟು ಎಂಬ ಲೆಕ್ಕ ಅವನಿಗೆ ತಿಳಿದಿರಬೇಕು. ಗಾಡಿ ಎತ್ತರವಾದ ದಿನದಿಂದ ತಿರುವಿನಲ್ಲಿ ಅದರ ವೇಗ ತಗ್ಗಬೇಕು. ಹುಲ್ಲಿನ ಹೇರು ಏರಿದ ದಿನ ನಮ್ಮ ರೈತನು ಮಾಡುವುದೂ ಇಷ್ಟೇ.