ಹಳೇ ಆಟಕ್ಕೊಂದು ತೇಪೆ

1998ರ ‘ಗ್ರಿಮ್ ಫಂಡ್ಯಾಂಗೋ’ ಆಟದಲ್ಲಿ ಒಂದು ಲಿಫ್ಟ್ ಇದೆ. ನಾಯಕ ಮ್ಯಾನಿ ಅದರೊಳಗೆ ಫೋರ್ಕ್‌ಲಿಫ್ಟ್ ಗಾಡಿ ನುಗ್ಗಿಸಿ, ಎರಡು ಮಹಡಿಗಳ ನಡುವೆ ಸಮಯ ನೋಡಿ ಲಿಫ್ಟನ್ನು ತಡೆದು ನಿಲ್ಲಿಸಬೇಕು. ಆದರೆ ಚುರುಕು ಪ್ರೊಸೆಸರ್‌ಗಳು ಬಂದಾಗ ಲಿಫ್ಟ್ ಸರ್ರನೆ ಇಳಿದುಹೋಗತೊಡಗಿತು. ಆಡುವವರದೇನೂ ತಪ್ಪಿಲ್ಲ, ಆದರೂ ಕಥೆ ಅಲ್ಲೇ ಕುಂತಿತು. ಕೊನೆಗೆ ಲ್ಯೂಕಾಸ್‌ಆರ್ಟ್ಸ್ ಕಂಪನಿಯೇ ಪ್ಯಾಚ್ ಹೊರತರಬೇಕಾಯಿತು.

ಪ್ಯಾಚ್ ಅಂದರೆ ತೇಪೆ. ಹೊಲಿಯುವ ದರ್ಜಿಯೇ ಅಂಗಡಿ ಮುಚ್ಚಿದರೆ? ‘ಕಿಂಗ್ಸ್ ಕ್ವೆಸ್ಟ್’ ಕೊಟ್ಟ ಸಿಯೆರಾ ಕಂಪನಿ ಕ್ಯಾಲಿಫೋರ್ನಿಯಾದ ಓಖರ್ಸ್ಟ್‌ನಲ್ಲಿ ನಡೆಸುತ್ತಿದ್ದ ಸ್ಟುಡಿಯೊಗೆ 1999ರಲ್ಲಿ ಬೀಗ ಬಿತ್ತು. ಲ್ಯೂಕಾಸ್‌ಆರ್ಟ್ಸ್‌ನಲ್ಲಿ ಆಟ ತಯಾರಿಸುವುದನ್ನು ಡಿಸ್ನಿ 2013ರಲ್ಲಿ ನಿಲ್ಲಿಸಿತು. ಈಗ ಸೂಜಿದಾರ ಹಿಡಿದಿರುವುದು ‘ಸ್ಕಮ್‌ವಿಎಂ’ ಎಂಬ ಸ್ವಯಂಸೇವಕರ ಬಳಗ.

2001ರಲ್ಲಿ ಲುಡ್ವಿಗ್ ಸ್ಟ್ರಿಗಿಯಸ್ ಮತ್ತು ವಿನ್ಸೆಂಟ್ ಹಮ್ ಇದನ್ನು ಶುರುಮಾಡಿದರು. ‘ಸ್ಕಮ್’ ಎಂಬುದು 1987ರ ‘ಮೇನಿಯಾಕ್ ಮ್ಯಾನ್ಶನ್’ ಆಟಕ್ಕೆಂದು ಲ್ಯೂಕಾಸ್‌ಫಿಲ್ಮ್‌ನಲ್ಲಿ ಹುಟ್ಟಿದ ಸಲಕರಣೆ. ಅದರಲ್ಲಿ ಕಥೆ, ಚಿತ್ರ, ಮಾತು ಒಂದು ಕಡೆ. ಅವನ್ನು ಓದಿ ಆಡಿಸುವ ಪ್ರೋಗ್ರಾಂ ಇನ್ನೊಂದು ಕಡೆ. ಯಕ್ಷಗಾನದಲ್ಲಿ ಪ್ರಸಂಗದ ಪ್ರತಿ ಬೇರೆ, ಆಡಿಸುವ ಭಾಗವತರು ಬೇರೆ ಇದ್ದ ಹಾಗೆ. ಸ್ಕಮ್‌ವಿಎಂ ಇಂಥ ಆಟಗಳಿಗೆ ಸಿಕ್ಕ ಹೊಸ ಭಾಗವತ. ಪ್ರಸಂಗವನ್ನು ನಿಮ್ಮ ಹಳೇ ಸಿಡಿಯಿಂದ ನೀವೇ ತರಬೇಕು. ‘ಬಿನೀತ್ ಎ ಸ್ಟೀಲ್ ಸ್ಕೈ’ಯಂಥ ಕೆಲವನ್ನು ಮಾತ್ರ ಹಕ್ಕುದಾರರೇ ಪುಕ್ಕಟೆ ಬಿಟ್ಟುಕೊಟ್ಟಿದ್ದಾರೆ.

ಹಳೇ ಆಟಗಳು ಎಡವುವುದು ಹೆಚ್ಚಾಗಿ ತಾಳದಲ್ಲಿ. ಕಾಯಬೇಕಾದ ಕಡೆ ಗಡಿಯಾರ ನೋಡುವ ಬದಲು, ಪ್ರೊಸೆಸರ್ ಸುಮ್ಮನೆ ಇಷ್ಟು ಸುತ್ತು ಹಾಕಲಿ ಎಂದು ಬರೆದಿಟ್ಟಿರುತ್ತಿದ್ದರು. ಯಂತ್ರ ಚುರುಕಾದಷ್ಟೂ ಆ ಸುತ್ತು ಬೇಗ ಮುಗಿಯುತ್ತದೆ. ಹೊಸ ಭಾಗವತನಿಗೆ ಹಳೇ ಲಯ ಗೊತ್ತಿರುವುದರಿಂದ ಇಂಥ ಎಷ್ಟೋ ತೊಂದರೆಗಳು ತಾವಾಗಿ ನೀಗುತ್ತವೆ.

ಪ್ರಸಂಗದಲ್ಲೇ ತಪ್ಪಿದ್ದರೆ ಕೆಲಸ ನಾಜೂಕು. ಸಿಡಿಯಲ್ಲಿರುವುದು ಬರೀ ಬೈಟುಗಳ ಸಾಲು. ಅದನ್ನು ಬಿಡಿಸಿ ಓದಿ, ಕೆಟ್ಟ ಜಾಗದ ಗುರುತು ಬರೆದಿಟ್ಟುಕೊಂಡು, ಬದಲಿ ಬೈಟುಗಳನ್ನು ಸಿದ್ಧಮಾಡುತ್ತಾರೆ. ಆಟ ತೆರೆದುಕೊಳ್ಳುವಾಗ ಆ ಗುರುತು ಕಂಡರೆ ಮೆಮೊರಿಯಲ್ಲಷ್ಟೇ ಬದಲಾವಣೆ. ಸಿಡಿಯ ಫೈಲಿಗೆ ಕೈ ಹಚ್ಚುವುದಿಲ್ಲ. ತೇಪೆ ತೂತಿಗಿಂತ ದೊಡ್ಡದಾಗುವಂತಿಲ್ಲ, ಒಂದು ಬೈಟ್ ಹೆಚ್ಚಾದರೂ ಪಕ್ಕದ ಸೂಚನೆ ಅಳಿಸಿಹೋಗುತ್ತದೆ. ಹಾಗಾಗಿ ಹೊಸದನ್ನು ತುರುಕಲು ಹಳೆಯದರಲ್ಲಿ ನಾಲ್ಕು ಬೈಟ್ ಎಲ್ಲಿ ಉಳಿಸಬಹುದೆಂದು ತಡಕಾಡುತ್ತಾರೆ. ಅವಸರದಲ್ಲಿ ಮಾರುಕಟ್ಟೆಗೆ ಬಂದು ಬಗ್ಗುಗಳಿಗೇ ಹೆಸರಾದ 1993ರ ‘ಕ್ವೆಸ್ಟ್ ಫಾರ್ ಗ್ಲೋರಿ 4’ಕ್ಕೆ ಇಂಥ ತೇಪೆಗಳು ಸಾಲುಸಾಲಾಗಿ ಬಿದ್ದಿವೆ.

ಎಲ್ಲವನ್ನೂ ತಿದ್ದಬೇಕೇ ಎಂಬ ಪ್ರಶ್ನೆಯೂ ಇವರಿಗಿದೆ. ದಾರಿ ಮುಚ್ಚುವ ತಪ್ಪು ಒಂದು ಬಗೆ, ನೋಡಿ ನಕ್ಕು ಮುಂದೆ ಹೋಗುವ ತಪ್ಪು ಇನ್ನೊಂದು ಬಗೆ. ಅದಕ್ಕೇ ಕೆಲವು ಆಟಗಳ ಸೆಟ್ಟಿಂಗ್‌ನಲ್ಲಿ ಮೂಲ ತಪ್ಪುಗಳನ್ನು ತಿದ್ದುವ ಆಯ್ಕೆಗೊಂದು ಟಿಕ್ ಗುರುತು ಇಟ್ಟಿದ್ದಾರೆ. ಟಿಕ್ ತೆಗೆದರೆ ಹುಡುಗತನದಲ್ಲಿ ಕಂಡ ತಪ್ಪು ಇದ್ದ ಜಾಗದಲ್ಲೇ ಸಿಗುತ್ತದೆ.