ಗಡ್ಡೆಯ ಅಂಚು

ಕಳೆದ ವರ್ಷ ಕುಣಿಗಲ್ ಕಡೆಯ ನನ್ನ ಸೋದರತ್ತೆಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ತನದ ಕ್ಯಾನ್ಸರ್ ಗಡ್ಡೆಯನ್ನು ತೆಗೆದರು. ಕೆಲವು ದಿನಗಳ ಮೇಲೆ ಬಂದ ವರದಿಯಲ್ಲಿ, ಅಂಚು ಶುದ್ಧವಾಗಿಲ್ಲವೆಂದಿತ್ತು; ಮತ್ತೊಮ್ಮೆ ಶಸ್ತ್ರಕ್ರಿಯೆಯಾಗಬೇಕೆಂದು ವೈದ್ಯರು ಹೇಳಿದರು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. “ಅಂಚು ಅಂದ್ರೇನಪ್ಪ, ಸೀರೆ ಅಂಚಾ?” ಎಂದು ಅತ್ತೆ ಕೇಳಿದರು. ಕಾಲೇಜು ಸೇರಿದ ನನಗೂ ಉತ್ತರ ತಿಳಿದಿರಲಿಲ್ಲ. ಅನಂತರ ಓದಿ, ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಗುಬ್ಬಿಯ ನಮ್ಮಜ್ಜಿ ಹುಳುಕು ಬಿದ್ದ ಬದನೆಕಾಯಿಯನ್ನು ಎಸೆಯುವವಳಲ್ಲ. ಹುಳುಕನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ತಿರುಳಿನೊಡನೆ ಕೊಯ್ದು ತೆಗೆದು, ಕೊಯ್ದ ಕಡೆ ಕಪ್ಪು ಉಳಿದಿದೆಯೇ ಎಂದು ನೋಡುತ್ತಾಳೆ. ಸ್ತನವನ್ನು ಉಳಿಸುವ ಶಸ್ತ್ರಕ್ರಿಯೆಯ ತತ್ತ್ವವೂ ಇದೇ. ಆದರೆ ಇಲ್ಲಿ ಹುಳುಕಿನ ಕೊನೆ ಬರಿಗಣ್ಣಿಗೆ ಕಾಣದು.

19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಪ್ರಚಾರಕ್ಕೆ ತಂದ ಕ್ರಮದಂತೆ ಬಹುಕಾಲ ಸ್ತನವನ್ನೂ ಅದರಡಿಯ ಸ್ನಾಯುಗಳನ್ನೂ ಪೂರ್ಣವಾಗಿ ತೆಗೆಯುತ್ತಿದ್ದರು. ಇದು ಎಲ್ಲರಿಗೂ ಅವಶ್ಯವೇ ಎಂದು 1970ರ ದಶಕದಲ್ಲಿ ಇಟಲಿಯ ವೆರೊನೇಸಿ, ಅಮೆರಿಕದ ಫಿಷರ್ ಪರೀಕ್ಷಿಸತೊಡಗಿದರು. ಗಡ್ಡೆ ಸಣ್ಣದಾಗಿದ್ದಾಗ ಅದನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಸ್ಸಿಗೆ ಕೊರತೆಯಿಲ್ಲವೆಂದು 2002ರಲ್ಲಿ ಪ್ರಕಟವಾದ 20 ವರ್ಷಗಳ ಫಲಿತಾಂಶಗಳು ತೋರಿಸಿದವು.

ಅಂಚನ್ನು ಪರೀಕ್ಷಿಸುವುದು ಹೇಗೆ? ತೆಗೆದ ತುಂಡಿನ ದಿಕ್ಕು ತಿಳಿಯಲು ದಾರದ ಗುರುತು ಹಾಕಿ, ಹೊರಮೈಗೆ ಶಾಯಿ ಬಳಿಯುತ್ತಾರೆ. ಅನೇಕ ಕಡೆ, ರೋಗಿಗೆ ಎಚ್ಚರವಾಗುವ ಮೊದಲೇ ಅಂಚನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದು ಸುಮಾರು ಅರ್ಧ ಗಂಟೆಯ ಕೆಲಸ. ತುಂಡಿನ ಎಕ್ಸ್-ರೇ ತೆಗೆಯುವುದೂ ಉಂಟು. ಕ್ಯಾನ್ಸರ್ ಕಂಡರೆ ಆಗಲೇ ಇನ್ನಷ್ಟು ಕೊಯ್ಯಬಹುದು. ಆದರೆ ಸ್ತನದ ಕೊಬ್ಬು ಸರಿಯಾಗಿ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಈ ಪರೀಕ್ಷೆ ಕೆಲವೊಮ್ಮೆ ತಪ್ಪುತ್ತದೆ. ಕೊನೆಯ ತೀರ್ಪು, ತುಂಡನ್ನು ಮೇಣದಲ್ಲಿ ಹುದುಗಿಸಿ ಕೆಲವು ದಿನ ನಡೆಸುವ ಪರೀಕ್ಷೆಯದು. ಹಾಲಿನ ನಾಳವನ್ನು ದಾಟಿದ ಕ್ಯಾನ್ಸರಾದರೆ ಶಾಯಿಯ ಮೇಲೆ ಅದರ ಜೀವಕೋಶಗಳು ಇರಕೂಡದೆಂದು 2014ರಲ್ಲಿ ಅಮೆರಿಕದ ತಜ್ಞಸಂಘಗಳು ನಿಯಮ ಮಾಡಿದವು. ನಾಳದೊಳಗೇ ಇರುವುದಕ್ಕೆ 2016ರಲ್ಲಿ 2 ಮಿಲಿಮೀಟರ್ ಅಂತರವನ್ನು ಗೊತ್ತುಮಾಡಿದರು.

ಆದುದರಿಂದ ಎರಡನೆಯ ಶಸ್ತ್ರಕ್ರಿಯೆ ಎಂದರೆ ರೋಗ ಕೈಮೀರಿತೆಂದಲ್ಲ. “ಕತ್ತಿ ತಾಗಿ ಹರಡಿತು” ಎಂದು ಊರವರು ಆಡಿದ ಮಾತಿಗೆ ಹೆದರಿ ಅತ್ತೆ ಎರಡು ವಾರ ಆಸ್ಪತ್ರೆಗೆ ಹೋಗಲೊಲ್ಲದೆ ಕುಳಿತಿದ್ದರು. ಬದನೆಕಾಯಿಯ ಉದಾಹರಣೆ ಕೇಳಿದ ಮೇಲೆಯೇ ಹೊರಟರು. ಈ ಬಾರಿ ಅಂಚು ಶುದ್ಧವಾಗಿತ್ತು.

ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆ ನಮ್ಮ ತುಮಕೂರಿಗೆ ದೂರವಲ್ಲ. ಗಂಟು ಸಣ್ಣದಿರುವಾಗಲೇ ತೋರಿಸಿದರೆ ಸ್ತನ ಉಳಿಯುವ ಸಂಭವ ಹೆಚ್ಚು. ಮಿತ್ರರೇ, ನಮ್ಮ ನಮ್ಮ ಮನೆಗಳಲ್ಲಿ ವರದಿ ಓದಬಲ್ಲವರು ನಾವೇ. ಓದಿದುದನ್ನು ತಾಯಂದಿರಿಗೆ ತಿಳಿಯುವ ಮಾತಿನಲ್ಲಿ ಹೇಳುವುದೂ ನಮ್ಮ ಕರ್ತವ್ಯವಲ್ಲವೇ?